ಲಿಫ್ಟ್ ರಿಪೇರಿಯವನು ಮೆಟ್ಟಿಲು ಹತ್ತುವುದು

ಗುರುವಾರ, ಸಂಜೆ ಐದೂವರೆ, ಆರನೆಯ ಮಹಡಿ.
ಈ ಕಟ್ಟಡದ ಲಿಫ್ಟಿಗೆ ಹೊಸ ಹಗ್ಗ ಹಾಕಿದವನು ನಾನೇ,
ಎಂಟು ಜನರ ಭಾರ ತಾಳುತ್ತದೆಂದು
ಕಾಗದಕ್ಕೆ ಸಹಿ ಹಾಕಿಕೊಟ್ಟವನೂ ನಾನೇ.
ಆದರೂ ಮೆಟ್ಟಿಲು ಹತ್ತುತ್ತೇನೆ.
ಐವತ್ತೆರಡರ ಮಂಡಿ ಬೈಯುತ್ತದೆ. ಬೈಯಲಿ.

ವೂಚ್ ಎಂದರೆ ನಮ್ಮ ಭಾಷೆಯಲ್ಲಿ ದೋಣಿ.
ದೋಣಿಯೆಂಬ ಊರಲ್ಲಿ ಹುಡುಕಿದರೂ ಹೊಳೆ ಕಾಣದು.
ಗಿರಣಿಗಳ ಕಾಲದಲ್ಲಿ ಕೊಳವೆಗೆ ತುಂಬಿ
ಬೀದಿಯ ಕೆಳಗೆ ಹೂತರಂತೆ.
ಗಿರಣಿ ಮುಚ್ಚಿದವು, ನೀರಿಗೆ ಯಾರೂ ಹೇಳಲಿಲ್ಲ.
ಮೊದಲ ಗುರುವಾರ ಐವತ್ತು ನಿಮಿಷವೂ
ಇದನ್ನೇ ಹೇಳಿದೆ, ಹೊಳೆಗಳ ಕಥೆ.
ಹಾಲ್ಷ್ಕಾ ಬರೆದುಕೊಳ್ಳಲಿಲ್ಲ, ಗೋಣಾಡಿಸಲಿಲ್ಲ.
"ಮುಂದಿನ ವಾರ ಬರುತ್ತೀರಲ್ಲ?" ಎಂದಳು.

ನಾನು ಹತ್ತುವಾಗ ಇಳಿದು ಬರುತ್ತಾಳೆ ಒಬ್ಬ ಹುಡುಗಿ,
ಹದಿನಾರಿರಬಹುದು, ಕೂದಲಿಗೆ ಪಾಚಿಯ ಹಸಿರು,
ತೋಳು ಬೆರಳು ಮುಚ್ಚುವಷ್ಟು ಉದ್ದದ ಸ್ವೆಟರು.
ನನ್ನ ಸೊಂಟದ ಕೀಲಿಗೊಂಚಲು ಝಣ್ ಎಂದರೆ
ಗೋಡೆಗೆ ಅಂಟಿ ನಿಲ್ಲುತ್ತಾಳೆ, ಉಸಿರು ಬಿಗಿಹಿಡಿದು.
ಆ ನಿಲುವು ನನಗೆ ಗೊತ್ತು.
ಅದನ್ನು ಯಾರೂ ಕಲಿಸುವುದಿಲ್ಲ, ಬೆನ್ನು ತಾನೇ ಕಲಿಯುತ್ತದೆ.
ಅಂದಿನಿಂದ ಕೀಲಿಗಳನ್ನು ಕರವಸ್ತ್ರದಲ್ಲಿ ಸುತ್ತಿ ತರುತ್ತೇನೆ.

ಅಪ್ಪನ ಸೊಂಟದಲ್ಲೂ ಗೊಂಚಲಿತ್ತು.
ನೆಲಮಾಳಿಗೆ, ಕಲ್ಲಿದ್ದಲು, ಏಳು ವರ್ಷದ ನಾನು,
ಹೊರಗಿನಿಂದ ಬೀಗ.
ಇದನ್ನು ಹೇಳುವುದು ಅಷ್ಟೇನೂ ಕಷ್ಟವಾಗಲಿಲ್ಲ,
ಕುಡಿದಾಗ ಗೆಳೆಯರಿಗೂ ಹೇಳಿದ್ದೆ, ನಗುತ್ತ.

"ಲಿಫ್ಟಿನಲ್ಲಿ ಸಿಕ್ಕಿಬಿದ್ದವರಿಗೆ ಏನು ಹೇಳುತ್ತೀರಿ?"
ಒಂದು ದಿನ ಕೇಳಿದಳು ಹಾಲ್ಷ್ಕಾ.
ಬಾಗಿಲಿಗೆ ಬಾಯಿಟ್ಟು ಹೇಳುತ್ತೇನೆ:
ನಾನಿಲ್ಲೇ ಇದ್ದೇನೆ, ಎಲ್ಲೂ ಹೋಗುವುದಿಲ್ಲ,
ನಿಮ್ಮ ಹೆಸರೇನು, ಬೆಳಿಗ್ಗೆ ಏನು ತಿಂದಿರಿ?
"ಆ ಹುಡುಗನಿಗೆ ಹೇಳಿ" ಎಂದು
ಖಾಲಿ ಕುರ್ಚಿ ಎಳೆದು ಎದುರಿಗಿಟ್ಟಳು.
ಕುರ್ಚಿಯ ಜೊತೆ ಹರಟಲು ನನಗೇನು ಮರುಳೇ?
ಎದ್ದು ಬಂದೆ. ಎರಡು ಗುರುವಾರ ಹೋಗಲಿಲ್ಲ.
ಹೋಗದಿದ್ದರೂ ಐದೂವರೆಗೆ ಮಂಡಿ ನೋಯುತ್ತಿತ್ತು.

ಮೂರನೆಯದಕ್ಕೆ ಹೋದೆ. ಕುರ್ಚಿ ಅಲ್ಲೇ ಇತ್ತು.
"ಬೆಳಿಗ್ಗೆ ಏನು ತಿಂದೆ, ಲುಟ್ಸೆಕ್?" ಎಂದೆ,
ದನಿ ನನ್ನದಲ್ಲ ಅನ್ನಿಸಿತು.
ಆಗ ಬಂತು,
ಅಪ್ಪನದಲ್ಲ, ಬೀಗದ್ದಲ್ಲ,
ಅಮ್ಮನ ಚಪ್ಪಲಿಯ ಸದ್ದು.
ಹತ್ತು ಮೆಟ್ಟಿಲು ಇಳಿದು ಬಾಗಿಲ ತನಕ ಬಂದು
ಅಲ್ಲೇ ನಿಂತು
ಮತ್ತೆ ಹತ್ತು ಮೆಟ್ಟಿಲು ಹತ್ತಿಹೋದದ್ದು.
ನಲವತ್ತೈದು ವರ್ಷ ಇದು ನನ್ನೊಳಗೆ ಇತ್ತೆಂದು
ನನಗೇ ಗೊತ್ತಿರಲಿಲ್ಲ.
ಭಾನುವಾರ ಭಾನುವಾರ ಅವಳಿಗೆ ಸೂಪು ಕುಡಿಸುವವನು ನಾನು.
ಹಾಲ್ಷ್ಕಾ ಏನೂ ಹೇಳಲಿಲ್ಲ.
ಗಡಿಯಾರ ಮಾತ್ರ ತನ್ನ ಪಾಡಿಗೆ ಹೇಳುತ್ತಿತ್ತು.

ಆ ಭಾನುವಾರವೂ ಸೂಪು ಕುಡಿಸಿದೆ.
ಚಮಚ ನಡುಗಿತು, ಅವಳ ಗದ್ದ ಒರೆಸಿದೆ.
ಕೇಳಲಿಲ್ಲ. ಕೇಳುತ್ತೇನೋ ಇಲ್ಲವೋ ತಿಳಿಯದು.
ಇದನ್ನು ಕ್ಷಮೆ ಎನ್ನಬೇಡಿ,
ಸೂಪು ಆರುತ್ತಿತ್ತು, ಅಷ್ಟೇ.

ಮೊನ್ನೆ ಹುಡುಗಿಯೇ ಮಾತಾಡಿಸಿದಳು, ನಾಲ್ಕನೆಯ ಮಹಡಿಯಲ್ಲಿ:
"ಲಿಫ್ಟು ಕೆಟ್ಟಿದೆಯಾ?"
ಇಲ್ಲ, ಚೆನ್ನಾಗಿದೆ.
"ಹಗ್ಗ ಹರಿದರೆ?"
ಹರಿದರೆ ಕೆಳಗಿನ ದವಡೆಗಳು ಕಂಬಿ ಕಚ್ಚಿ ಹಿಡಿಯುತ್ತವೆ, ಬೀಳದು.
"ಮತ್ತೆ ನೀವ್ಯಾಕೆ?"
ನೀನ್ಯಾಕೆ, ಎನ್ನಲಿಲ್ಲ.
ಒಂದು ಮಹಡಿ ಹೋಗಿ ನೋಡಿದ್ದೇನೆ, ಎಂದೆ,
ಆರರಿಂದ ಐದಕ್ಕೆ.
"ಒಂದೇನಾ?"
ಒಂದೇ.
ಅವಳು ತುಸು ಯೋಚಿಸಿ
ನನ್ನ ಸೊಂಟದ ಕರವಸ್ತ್ರದ ಗಂಟು ನೋಡಿ
ಇಳಿದುಹೋದಳು, ಈ ಸಲ ಮೆಟ್ಟಿಲ ನಡುವಿನಲ್ಲೇ.