ಪುಟ್ಟಿಗೆ ರೇಟಿಲ್ಲ

ಎಫ್‌ಸಿ ಮುಗಿಯಲು ಇನ್ನು ಹನ್ನೊಂದು ದಿನ.
ಮೊಯ್ದು ಬರೆದುಕೊಟ್ಟ ಅಂದಾಜು ಚೀಟಿ
ಬನ್ನಿನ ಲೆಕ್ಕದ ಪುಸ್ತಕದಲ್ಲಿ ಮಡಚಿಟ್ಟಿದ್ದೇನೆ:
ನೆಲದ ತಗಡು, ಬ್ರೇಕ್ ಪೈಪು, ಸೈಲೆನ್ಸರು,
ಗೆರೆ ಎಳೆದು ನಲವತ್ತಾರು ಸಾವಿರ,
ಗೆರೆಯ ಕೆಳಗೆ ಚಿಕ್ಕ ಅಕ್ಷರದಲ್ಲಿ
"ಆಮೇಲೆ ಬೇರೆ ಏನಾದರೂ ಹೋದರೆ
ನನ್ನ ಬಯ್ಯಬೇಡಿ ಚೇಚಿ."

ಹೊಸದಕ್ಕೆ ತಿಂಗಳಿಗೆ ಒಂಬತ್ತು ಸಾವಿರ ಕಂತು.
ಅದು ಎಷ್ಟು ಬನ್ನು ಎಂದು ಲೆಕ್ಕ ಹಾಕುವ ಚಾಳಿ ನನ್ನದು.
ಹಾಕಿದೆ. ಹಾಕಬಾರದಿತ್ತು.

ಗುಜರಿಯ ಸೆಂದಿಲ್ ಕುಶಾಲನಗರದಿಂದ ವಿರಾಜಪೇಟೆಗೆ ಬಂದ.
ಪೆನ್ನಿಲ್ಲ, ಚೀಟಿಯಿಲ್ಲ. ಜೇಬಿನಿಂದ
ಹಳೇ ಸ್ಪೀಕರಿನ ಅಯಸ್ಕಾಂತ ತೆಗೆದು
ಬಾವಿಗೆ ಜಾಗ ತೋರಿಸುವವನ ಹಾಗೆ
ಓಮ್ನಿಯ ಸುತ್ತ ಮಾತಿಲ್ಲದೆ ನಡೆದ.
ಮುಂದಿನ ಮುಖ: ಠಕ್, ಅಂಟಿತು.
ಡ್ರೈವರ್ ಬಾಗಿಲು: ಅಂಟಿತು. ಅದರ ಕೆಳಗೆ: ಜಾರಿತು.
ಚಕ್ರದ ಮೇಲಿನ ಕಮಾನು: ಜಾರಿತು.
ಹಿಂಬಾಗಿಲ ಬಲಮೂಲೆಯಲ್ಲಿ
ನೆಲಕ್ಕೇ ಬಿತ್ತು.

"ಇಲ್ಲಿ ಕಬ್ಬಿಣ ಇಲ್ಲ ಅಕ್ಕಾ, ಇದು ಪುಟ್ಟಿ.
ಪುಟ್ಟಿಗೆ ರೇಟಿಲ್ಲ."

ಪುಟ್ಟಿ ಎಂದರೆ ಮನೆಮನೆಯಲ್ಲಿ ಚಿಕ್ಕ ಹುಡುಗಿ.
ಮೊಯ್ದುವಿನ ಗ್ಯಾರೇಜಿನಲ್ಲಿ
ತಗಡಿನ ಗಾಯಕ್ಕೆ ಮೆತ್ತುವ ಹಿಟ್ಟು.

ಆ ಮೂಲೆ ನನಗೆ ಗೊತ್ತು.
ಪಾಲಿಬೆಟ್ಟದ ದಾರಿ, ಬೆಳಿಗ್ಗೆ ಐದೂಕಾಲು,
ಗಾಜಿಗೆ ಮೈದಾ ಕಲಸಿ ಮೆತ್ತಿದ ಹಾಗೆ ಮಂಜು.
ತೋಟದಿಂದ ಇಳಿದ ಒಂಟಿ ಸಲಗ.
ಇಂಜಿನ್ ಆರಿಸಿ ಕೂತೆ. ಉಸಿರನ್ನೂ.
ಸೊಂಡಿಲು ಗಾಜಿನ ಮೇಲೆ ನಿಧಾನಕ್ಕೆ ಹಾದು
ನನ್ನನ್ನು ಬೇಡವೆಂದು ಹಿಂದಕ್ಕೆ ಹೋಯಿತು.
ಹಣೆ ಕೊಟ್ಟು ಒತ್ತಿದ. ಬಾಗಿಲು
ಹಪ್ಪಳದಂತೆ ಒಳಗೆ ಬಂತು.
ಒಂದು ಟ್ರೇ, ನಲವತ್ತೆಂಟು ಬನ್ನು, ಸಿಹಿಯವು.
ತಿಂದು, ಟ್ರೇಯನ್ನು ರಸ್ತೆ ಮಧ್ಯೆ ನೆಟ್ಟಗೆ ಇಟ್ಟು ಹೋದ,
ಖಾಲಿ ವಾಪಸು ಕೊಡುವ ಅಂಗಡಿಯವನಂತೆ.

ಹುಂಡಿಯಲ್ಲಿ ಅವತ್ತು ಬನ್ನು ಯಾಕೆ ಕಮ್ಮಿ ಎಂದರು.
ಆನೆಗೆ ಕೊಟ್ಟೆ ಎಂದೆ.
"ನಗದೋ ಸಾಲವೋ?" ಎಂದಳು ಅಂಗಡಿಯ ಬೊಳ್ಳಮ್ಮ.

ಮೊಯ್ದು ಮರದ ಸುತ್ತಿಗೆಯಿಂದ ಬಾಗಿಲನ್ನು ಹೊರಗೆ ಕರೆದ.
ಬಾರದೆ ಉಳಿದದ್ದಕ್ಕೆ ಪುಟ್ಟಿ.
ನಾಲ್ಕು ಸಂಜೆ ಉಜ್ಜಿದ: ನೀರು, ಮರಳುಕಾಗದ, ನೀರು.
ಕಣ್ಣು ಮುಚ್ಚಿ ಅಂಗೈಯಲ್ಲಿ ನೋಡುತ್ತಿದ್ದ,
ಕಣ್ಣು ಸುಳ್ಳು ಹೇಳುತ್ತೆ ಚೇಚಿ, ಕೈ ಹೇಳಲ್ಲ.
ಆದರೂ ಬಣ್ಣ ಹೊಂದಲಿಲ್ಲ.
ಗಾಡಿ ಹಾಲು ಬಿಳಿ, ಆ ಮೂಲೆ ಮಜ್ಜಿಗೆ ಬಿಳಿ.

"ಹದಿನೇಳು ಸಾವಿರ," ಎಂದ ಸೆಂದಿಲ್. "ಬ್ಯಾಟರಿ ನಿಮಗೇ ಇರಲಿ."

ಬೇಡ ಎನ್ನಲು ಬಾಯಿ ತೆರೆದಿದ್ದೆ.
ಅಯಸ್ಕಾಂತ ಕೊಡು ಇಲ್ಲಿ, ಎಂದೆ.
ಹತ್ತಿ, ಹಿಂದಿನ ರಬ್ಬರ್ ಮ್ಯಾಟ್ ಎತ್ತಿದೆ.
ಟ್ರೇ ಹಿಡಿದುಕೊಂಡು ಸಜೀಶ ಕೂರುವ ಜಾಗ.
ತಿರುವಿನಲ್ಲಿ ಕಾಲು ಒತ್ತಿ ಹಿಡಿಯುತ್ತಾನೆ,
ಹದಿನೆಂಟು ತುಂಬಿದ ಹುಡುಗ, ಹಾಡುತ್ತಾನೆ, ನಿದ್ದೆ ಹೋಗುತ್ತಾನೆ.
ಅಲ್ಲಿ ಇಟ್ಟೆ.

ಅದು ಜಾರಲಿಲ್ಲ.
ತುಕ್ಕಿನ ಪದರ ಒಡೆದುಕೊಂಡು
ಕೆಳಗೆ, ಅಂಗಳಕ್ಕೆ, ಬಿತ್ತು.
ತೂತಿನಲ್ಲಿ ಬೆಳಕು. ಒಂದು ಕೋಳಿ ನೋಡಿ ಹೋಯಿತು.

ಹದಿನೇಳೂವರೆ ಮಾಡು ಎಂದೆ.
ನನ್ನ ದನಿ ನನಗೇ ಅಂಗಡಿಯವಳ ಥರ ಕೇಳಿತು.

ಲಾರಿ ಬರುವ ಮುಂಚೆ ಮೊಯ್ದು ಬಂದ, ಕರೆಯದೆ.
ಚೀಟಿಯ ಮಾತು ಎತ್ತಲಿಲ್ಲ.
ನಾಳೆ ಬನ್ನು? ಎಂದ. ಆಟೋ, ಎರಡು ಸಲ, ಎಂದೆ.
ಹಿಂದಕ್ಕೆ ಹೋದ, ಚಪ್ಪಲಿ ಕಳಚಿದನೋ
ಕಾಲಿಗೆ ಕಲ್ಲು ಸಿಕ್ಕಿತ್ತೋ ಗೊತ್ತಿಲ್ಲ.
ಬಲಮೂಲೆಯ ಮೇಲೆ ಅಂಗೈ ಇಟ್ಟು
ಕಣ್ಣು ಮುಚ್ಚಿ, ಮೇಲಿಂದ ಕೆಳಕ್ಕೆ.

"ಇನ್ನೊಂದು ಸಂಜೆ ಉಜ್ಜಬೇಕಿತ್ತು," ಎಂದ.