ನದಿಯ ವಿಳಾಸ

ಕರಪತ್ರದ ಪ್ರಕಾರ ಇಲ್ಲಿ ನೋಡತಕ್ಕವು ಐದು:
ಯುದ್ಧನೌಕೆ, ಸೇತುವೆ, ಕಲ್ಲಿನ ಗಿರಣಿಗಳು,
ಪೋರ್ಚುಗೀಸರ ಸಿಹಿರೊಟ್ಟಿಯ ಅಂಗಡಿ,
ಐದನೆಯದು ಸೂರ್ಯಾಸ್ತ, ಅದು ಉಚಿತ.
ಫಾಲ್ ರಿವರ್. ಬೀಳುವ ನದಿ ಎಂದೇ ಊರಿನ ಹೆಸರು.
ನದಿ ಮಾತ್ರ ಪಟ್ಟಿಯಲ್ಲಿಲ್ಲ.

ಎರಡು ಗಂಟೆಯ ಬಸ್ಸಿಗೆ ನಾವು ಒಂಬತ್ತು ಮಂದಿ,
ಕೊರಳಿಗೆ ಹಳದಿ ಬಿಲ್ಲೆ.
ತೋರಿಸುವವಳು ದಿಯೊಲಿಂದಾ ಫುರ್ತಾದು,
ಹನ್ನೊಂದರ ವಯಸ್ಸಿಗೆ ಅಸೋರಿಸ್ ದ್ವೀಪದಿಂದ ಬಂದವಳು,
ಈಗ ಎಪ್ಪತ್ತೆಂಟು. ಕಾಲಲ್ಲಿ ನರ್ಸುಗಳ ಬಿಳಿ ಬೂಟು.
ಮಾತಾಡಿದರೆ ಒಂದೊಂದಕ್ಷರವನ್ನೂ ತುಟಿಯ ಮೇಲೆ
ಹಿಂಡಿ, ಕೊಡವಿ, ಹರವುತ್ತಾಳೆ.
ಮೊದಲೇ ಹೇಳಿಬಿಟ್ಟಳು:
"ಪ್ರಶ್ನೆ ಇದ್ದರೆ ಮುಂದೆ ಬಂದು ಕೇಳಿ, ಬೆನ್ನಿಗೆ ಕೇಳಬೇಡಿ.
ಕಿವಿ ಎರಡನ್ನೂ ನಾಲ್ಕನೇ ಮಹಡಿಯಲ್ಲಿ ಬಿಟ್ಟು ಬಂದಿದ್ದೇನೆ."
ಎಲ್ಲರೂ ನಕ್ಕರು.
ನಗುವಷ್ಟು ಹೊತ್ತು ಕಾದಳು, ದಿನವೂ ಕಾಯುವವಳ ಹಾಗೆ.

ನಾಲ್ಕನೇ ಮಹಡಿ ಈಗ ವ್ಯಾಯಾಮಶಾಲೆ.
ಮಗ್ಗಗಳಿದ್ದ ಕಡೆ ಹುಡುಗನೊಬ್ಬ
ರಬ್ಬರು ಪಟ್ಟಿಯ ಮೇಲೆ ಓಡುತ್ತಿದ್ದಾನೆ, ಇದ್ದಲ್ಲೇ.
ಮರದ ನೆಲದಲ್ಲಿ ಎಣ್ಣೆ ಕುಡಿದ ಕಪ್ಪು ಚೌಕಗಳು.
ಅವುಗಳ ನಡುವೆ ಅವಳು
ಇಲ್ಲದ ಯಂತ್ರಗಳಿಗೆ ಸೆರಗು ತಾಗದಂತೆ
ಓರೆಯಾಗಿ ನಡೆದಳು. (ಸೆರಗು ನನ್ನ ಮಾತು. ಅವಳದು ಹೆಣೆದ ಸ್ವೆಟರು.)

"ಆರು ಮಗ್ಗ ನನ್ನವು. ಲಾಳಿ ಹೋಯಿತು, ಲಾಳಿ ಬಂತು.
ಆ ಗದ್ದಲದಲ್ಲಿ ಬಾಯಿ ಯಾಕೆ? ತುಟಿ ಸಾಕು.
ತುಟಿಯಲ್ಲೇ ಜಗಳ, ತುಟಿಯಲ್ಲೇ ಮದುವೆಯ ಮಾತುಕತೆ.
ಮೇಸ್ತ್ರಿಯನ್ನು ಬೈದದ್ದೆಲ್ಲ ಅವನ ಎದುರಿಗೇ.
ಪಾಪ, ಅವನಿಗೆ ಓದು ಬರುತ್ತಿರಲಿಲ್ಲ."

ಹಾಸುಹೊಕ್ಕು ಎನ್ನುತ್ತೇವೆ ನಾವು ಎಲ್ಲದಕ್ಕೂ,
ಪ್ರೀತಿಗೆ, ಲಂಚಕ್ಕೆ, ಜಾತಿಗೆ.
ನೇಯದವರ ಬಾಯಲ್ಲಿ ಎಷ್ಟು ಸಲೀಸು ಆ ಮಾತು.
ಇಲ್ಲಿ ನಾಲಿಗೆಯ ತುದಿಗೆ ಬಂದದ್ದನ್ನು
ನುಂಗಿಕೊಂಡೆ.

ಕಿಟಕಿಯಾಚೆ ಕೊಲ್ಲಿ. ಸೇತುವೆಯಡಿ ದೋಣಿಯೊಂದು
ಭಾರಕ್ಕೆ ತಗ್ಗಿಕೊಂಡು ಬರುತ್ತಿತ್ತು.
ಅವಳ ತಮ್ಮ ಜೆಫೆರಿನು ಅಂಥದರಲ್ಲೇ ಮೂವತ್ತು ವರ್ಷ.
"ಅವನಿಗೆ ನೀರು, ನನಗೆ ನೂಲು.
ಭಾನುವಾರ ಊಟಕ್ಕೆ ಕೂತರೆ ಅವನ ಕೈಯಲ್ಲಿ ಸಿಪ್ಪಿನಾತ,
ನನ್ನ ತಲೆಯಲ್ಲಿ ಹತ್ತಿ.
ಇಬ್ಬರನ್ನೂ ಎಬ್ಬಿಸಿ ಓಡಿಸುತ್ತಿದ್ದಳು ಅಮ್ಮ, ಬಚ್ಚಲಿಗೆ."

ನದಿ ಎಲ್ಲಿ? ಎಂದು ಕೇಳಿದೆ, ಮರೆತು, ಅವಳ ಬೆನ್ನಿಗೆ.
ಸುತ್ತಿ ಮುಂದೆ ಬಂದು ಮತ್ತೆ ಕೇಳಿದೆ.

ಗಿರಣಿಯ ಹಿಂದೆ ಕಾರು ನಿಲ್ಲಿಸುವ ಜಾಗ.
ಎರಡು ಕಾರುಗಳ ನಡುವೆ ಒಂದು ಕಬ್ಬಿಣದ ಮುಚ್ಚಳ.
"ಹೆದ್ದಾರಿ ಬಂದಾಗ ಕೊಳವೆಗೆ ಹಾಕಿದರು.
ಗಿರಣಿ ತಿರುಗಿಸಿದ್ದು ಇದೇ, ಗೊತ್ತಲ್ಲ?"
ಎಂಟು ಮಂದಿ ಬಾಗಿ ಕಿವಿಗೊಟ್ಟರು.
ಕೇಳಿಸುತ್ತಿದೆ ಎಂದನೊಬ್ಬ. ಚರಂಡಿ ಎಂದಳು ಅವನ ಹೆಂಡತಿ.

ದಿಯೊಲಿಂದಾ ಒಂದು ಬೂಟು ಕಳಚಿದಳು.
ಕಾಲ್ಚೀಲದ ಅಂಗಾಲನ್ನು ಮುಚ್ಚಳದ ಮೇಲಿಟ್ಟು
ಕಣ್ಣು ಮುಚ್ಚಿದಳು.
"ಇವತ್ತು ಜೋರಿದೆ. ಮೇಲೆಲ್ಲೋ ಮಳೆಯಾಗಿದೆ."

ನಾನೂ ಬೂಟು ಬಿಚ್ಚಿದೆ.
ತಣ್ಣನೆಯ ಕಬ್ಬಿಣ. ಆಮೇಲೆ ಒಂದು ನಡುಕ,
ನದಿಯೋ ಲಾರಿಯೋ, ಹೇಳಲಾರೆ.

"ನಿಮ್ಮ ಭಾಷೆಯಲ್ಲಿ ಇದಕ್ಕೇನನ್ನುತ್ತೀರಿ?"
ನೀರು, ಎಂದೆ.
ಬಾಯನ್ನೇ ನೋಡಿದಳು. "ಇನ್ನೊಮ್ಮೆ."
ನೀರು.
"ತುಟಿ ಕೂಡುವುದೇ ಇಲ್ಲವಲ್ಲ.
ಮಗ್ಗದ ಮುಂದೆ ಈ ಮಾತು ನಡೆಯುತ್ತಿರಲಿಲ್ಲ ಕಣಯ್ಯ,
ಬಾಯಾರಿ ಸತ್ತೇಹೋಗುತ್ತಿದ್ದೆ ನೀನು."

ಅತ್ತ ಡ್ರೈವರು ಹಾರನ್ ಒತ್ತಿದ. ಎಲ್ಲರೂ ತಿರುಗಿದರು,
ಅವಳೊಬ್ಬಳನ್ನು ಬಿಟ್ಟು.
ಎದುರಿಗೆ ನಿಂತು, ದನಿಯಿಲ್ಲದೆ,
ತುಟಿಗೆ ತುಟಿ ಒತ್ತಿ ತೆರೆದೆ: ಬಸ್ಸು.
"ಓ, ಬಸ್ಸು," ಎಂದಳು ಒಂದೇ ಸಲಕ್ಕೆ,
ಬೂಟಿಗೆ ಕಾಲು ತೂರಿಸಿ
ನನ್ನ ಹೆಗಲು ಹಿಡಿದುಕೊಂಡು
ಲಾಡಿಯತ್ತ ಬೆರಳು ತೋರಿದಳು.