ಮರಳು ಜರಡಿ

ಬೆಳಗ್ಗೆ ದಂಡೆಯಿಂದ ಮರಳು ತರುವುದು ನನ್ನ ಕೆಲಸ.
ಕಪ್ಪೆಚಿಪ್ಪಿನ ಚೂರು, ಪಾಚಿಯ ಎಳೆ, ಮೀನಿನ ಹುರುಪೆ
ಎಲ್ಲ ಹೆಕ್ಕಿ, ಮೂರು ಸಲ ಜರಡಿ ಹಿಡಿದು
ಸೋಪಾತ್ರನ ಹಲಗೆಯ ಮೇಲೆ ಹರಡಬೇಕು,
ಹಾಲಿನ ಕೆನೆಯಷ್ಟು ತೆಳ್ಳಗೆ.
ಸಂಜೆಗೆ ಅವನ ವೃತ್ತಗಳನ್ನೆಲ್ಲ ಅಂಗೈಯಿಂದ ಸವರಿ
ಮತ್ತೆ ಬಯಲು ಮಾಡಬೇಕು.
ಸಿರಾಕ್ಯೂಸಿನ ಬಾವಿಕಟ್ಟೆಯಲ್ಲಿ ಹೆಂಗಸರು ನಗುತ್ತಾರೆ:
'ಮರಳು ಹೊರುವವಳಿಗೆ ಮರುಳು ಹಿಡಿಯದೆ ಇದ್ದೀತೆ?'

ಬಾವಿಯ ಮಾತು ಬಂತು, ಹೇಳಿಬಿಡುತ್ತೇನೆ.
ಒಂದು ದಿನ ಕೇಳಿದ: ನೀರೊಳಗೆ ಕೊಡ ಹೇಗಿರುತ್ತದೆ?
ಹೂವು, ಅಂದೆ. ನೀರು ಬಿಟ್ಟು ಮೇಲೆದ್ದಿತೋ
ತೋಳು ಕಿತ್ತುಬರುವ ಭಾರ.
ಹಾಗಾದರೆ ನೀರು ಎಷ್ಟು ಹೊರುತ್ತದೆ, ನಿನ್ನ ಬದಲು?
ತಾನು ಜರುಗಿ ಜಾಗ ಬಿಟ್ಟಷ್ಟು, ಅಂದೆ.
ಬೇರೇನು ತಾನೇ ಹೊತ್ತೀತು, ಪಾಪ.
ಸುಮ್ಮನೆ ನನ್ನ ಮುಖ ನೋಡಿದ, ಬಹಳ ಹೊತ್ತು.
ಆ ರಾತ್ರಿ ರೊಟ್ಟಿಯ ಜೊತೆ ಒಂದು ಆಲಿವ್ ಹೆಚ್ಚಿಗೆ ಸಿಕ್ಕಿತು.

ಇವರ ಲೆಕ್ಕವೆಲ್ಲ ಅಕ್ಷರದಲ್ಲಿ. ಆಲ್ಫಾ ಒಂದು, ಬೀಟಾ ಎರಡು...
ಮಗ ನಿಕೋನ್ ಬಾಯಿಪಾಠ ಒಪ್ಪಿಸುವಾಗ
ಒಲೆಯ ಮುಂದೆ ಕೂತು ಕಲಿತೆ.
ಲೆಕ್ಕಕ್ಕೆ ಇಪ್ಪತ್ತೇಳು ಬೇಕು; ಮಾತಿಗಿರುವುದು ಇಪ್ಪತ್ತನಾಲ್ಕೇ.
ಮೂರು ಅಕ್ಷರ ಸತ್ತವು.
ಯಾರ ನಾಲಿಗೆಗೂ ಬೇಡವಾಗಿ
ಆರಕ್ಕೆ ಒಂದು, ತೊಂಬತ್ತಕ್ಕೆ ಒಂದು, ಒಂಬೈನೂರಕ್ಕೆ ಒಂದು
ಬರಿಯ ಲೆಕ್ಕದ ಜೀತಕ್ಕೆ ಉಳಿದಿವೆ.
ಕಟ್ಟಕಡೆಗೆ ಮಿರಿಯಾಸ್, ಹತ್ತು ಸಾವಿರ.
ಅದರಾಚೆ ಹೆಸರಿಲ್ಲ. ಬಂದರಿನವರು ಅಲ್ಲಿಗೆ ನಿಂತು
ಕೈ ಬೀಸಿ, 'ಮರಳಿನ ಹಾಗೆ' ಅಂದುಬಿಡುತ್ತಾರೆ.

ಆ ಮಾತು ಕೇಳಿದರೆ ಸೋಪಾತ್ರನಿಗೆ ಸಿಟ್ಟು.
ಹತ್ತು ಸಾವಿರವನ್ನು ಹತ್ತು ಸಾವಿರ ಸಲ ಪೇರಿಸಿ
ಆ ರಾಶಿಗೆ ಮತ್ತೆ 'ಒಂದು' ಎಂದು ಹೆಸರಿಟ್ಟ.
ಮತ್ತೆ ಪೇರಿಸಿದ. ಮತ್ತೆ ಒಂದು.
ಮೊದಲು ದಂಡೆ ತುಂಬಿಸಿದ, ಆಮೇಲೆ ಕಡಲಿನ ಗುಳಿ,
ಎಟ್ನಾದ ಬಾಯಿ, ಚಂದ್ರನವರೆಗಿನ ಬರಿದು.
ಸಾಮೋಸಿನ ಕಡೆ ಯಾರೋ ಅಂದರಂತೆ:
ಸೂರ್ಯ ಕದಲುವುದಿಲ್ಲ, ನೆಲವೇ ಅವನನ್ನು ಸುತ್ತುತ್ತದೆ;
ಹಾಗೆ ಸುತ್ತಿಯೂ ನಕ್ಷತ್ರಗಳು ಎಳ್ಳಷ್ಟೂ
ಆಚೀಚೆ ಸರಿದು ಕಾಣುವುದಿಲ್ಲವೆಂದರೆ
ಆಕಾಶ ನಾವು ಎಣಿಸಿದ್ದಕ್ಕಿಂತ ಎಷ್ಟೋ ದೂರ.
ಸರಿ, ಅದನ್ನೂ ತುಂಬಿಸಿದ.
ಇನ್ನೂ ಮೇಲಿನ ಮೆಟ್ಟಿಲುಗಳು ಖಾಲಿ ಬಿದ್ದಿದ್ದವು.
ಮೂಲೆಯಲ್ಲಿ ಪೊರಕೆ ಹಿಡಿದು ಕೂತಿದ್ದೆ ನಾನು:
ಅಯ್ಯೋ, ಇಷ್ಟನ್ನೂ ಗುಡಿಸುವವರು ಯಾರು?

ಮನೆಯ ಸಾಮಾನಿನ ಪಟ್ಟಿಯೊಂದಿದೆ,
ಹೊಳೆದಂಡೆಯ ಪಪೈರಸ್ ಹಾಳೆಯಲ್ಲಿ.
ತಾಮ್ರದ ಹಂಡೆಗೂ ಹೇಸರಗತ್ತೆಗೂ ನಡುವೆ ನಾನು.
ಎರಡಕ್ಷರದ ಬೆಲೆ: ರೋ, ನ್ಯೂ. ನೂರೈವತ್ತು.
ಹೆಸರು 'ಕ್ಸಾಂತಾ', ಅಂದರೆ ಕೆಂಚಿ.
ಅದು ನನ್ನ ಕೂದಲಿಗೆ ಇಟ್ಟದ್ದು, ನನಗಲ್ಲ.
ಅವ್ವ ಕರೆಯುತ್ತಿದ್ದ ಹೆಸರಿನ ನಡುವೆ ಒಂದು ದನಿಯಿದೆ:
ನಾಲಿಗೆ ಅಂಗುಳಿನತ್ತ ಮಡಿಚಿಕೊಂಡು ಹೋಗಿ
ಮುಟ್ಟದೆ ಮರಳುವ ದನಿ.
ಇದಕ್ಕೆ ಅಕ್ಷರ ಯಾವುದು, ನಿಕೋನನನ್ನು ಕೇಳಿದೆ.
ಎರಡು ಸಲ ಹೇಳಿಸಿ, ತಾನೂ ಹೇಳಲು ಹೋಗಿ, ನಕ್ಕ:
'ಇಲ್ಲ.'

ಇಲ್ಲವಂತೆ.

ಇವತ್ತು ಹಲಗೆ ಸವರುವಾಗ
ತೊಂಬತ್ತರ ಆ ಸತ್ತ ಅಕ್ಷರ,
ಕಡ್ಡಿಯ ತುದಿಗೆ ಸಿಕ್ಕಿಸಿದ ದುಂಡು ಹಣ್ಣಿನಂಥದು,
ಅದೊಂದನ್ನು ಉಳಿಸಿಕೊಂಡೆ.
ಅದರ ಎಡಬಲಕ್ಕೆ ಬೆರಳಿನಿಂದ
ನನ್ನ ಹೆಸರಿನ ಮಿಕ್ಕದ್ದನ್ನು ಬರೆದೆ.
ದೀಪ ಹತ್ತಿರ ಎಳೆದು ಮೆಲ್ಲಗೆ ಓದಿದೆ.
ತೊಂಬತ್ತು ಅವ್ವನ ದನಿಯಲ್ಲಿ ಕರೆಯಿತು.

ಆಮೇಲೆ ಅಂಗೈ.
ಬೆಳಗಾದರೆ ಅವನಿಗೆ ಬಯಲು ಬೇಕು.